ತೆಂಗಿನ ಪಾಕದ ಮನೆವ್ಯಾಪಾರವೂ ಕಾಯಿದೆಯ ಕಟ್ಟುಪಾಡೂ

ಬೆಂಗಳೂರು ನಗರವು ಪಶ್ಚಿಮಾಭಿಮುಖವಾಗಿ ಬೆಳೆದು, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳನ್ನು ದಾಟಿ ಕೆಂಗೇರಿಯನ್ನೂ ತನ್ನೊಳಕ್ಕೆ ಸೇರಿಸಿಕೊಂಡ ಮೇಲೆ, ಆ ಕಡೆಯ ಹೋಬಳಿಗಳ ತೆಂಗಿನ ತೋಟಗಳಿಗೆ ಗಿರಾಕಿಯು ಬೇಲಿಯ ಬಳಿಗೇ ಬಂದು ನಿಂತಂತಾಗಿದೆ. ಕಾರ್ಖಾನೆಯ ಸಕ್ಕರೆಯನ್ನು ಬಿಟ್ಟು ಮನೆಯಲ್ಲಿ ಕಾಯಿಸಿದ ಸಿಹಿಯನ್ನು ಹುಡುಕುವ ಕುಟುಂಬಗಳು ಈ ಬಡಾವಣೆಗಳಲ್ಲಿ ಬಹಳವಾಗಿವೆ. ಆದುದರಿಂದಲೇ ರಾಮೋಹಳ್ಳಿ, ತಾವರೆಕೆರೆಗಳ ಸುತ್ತಿನ ಜಮೀನುದಾರರು ತೆಂಗಿನ ಹೊಂಬಾಳೆಯ ರಸವನ್ನು ಮನೆಯಲ್ಲಿಯೇ ಕಾಯಿಸಿ, ಪಾಕವಾಗಿ ಸೀಸೆಗೆ ತುಂಬಿ ಮಾರಬಹುದೇ ಎಂದು ಮೇಲಿಂದ ಮೇಲೆ ವಿಚಾರಿಸುತ್ತಿದ್ದಾರೆ. ಮಾರಬಹುದು. ಆದರೆ ಇದರಲ್ಲಿ ಕಾಯಿದೆಯು ಒಲೆ ಹೊತ್ತಿಸಿದ ಮೇಲೆ ಆರಂಭವಾಗುವುದಲ್ಲ. ಮರಕ್ಕೆ ಕತ್ತಿ ತಾಗುವುದಕ್ಕೆ ಮುಂಚೆಯೇ ಆರಂಭವಾಗುತ್ತದೆ.

ಮರದ ರಸವನ್ನು ಬತ್ತಿಸಿ ಪಾಕಮಾಡುವುದು ನಮ್ಮಲ್ಲಿ ಮಾತ್ರವೇ ಇರುವ ಕಸುಬಲ್ಲ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿಯೂ ಅಮೆರಿಕದ ವರ್ಮಾಂಟಿನಲ್ಲಿಯೂ ಚಳಿಗಾಲ ಕಳೆಯುವ ಹೊತ್ತಿಗೆ ಮೇಪಲ್ ಎಂಬ ಮರಕ್ಕೆ ತೂತು ಕೊರೆದು ರಸ ಹಿಡಿಯುತ್ತಾರೆ. ಆ ರಸದಲ್ಲಿ ಸಿಹಿಯು ನೂರಕ್ಕೆ ಎರಡು ಭಾಗದಷ್ಟೇ ಇರುವುದರಿಂದ ಒಂದು ಲೀಟರು ಪಾಕಕ್ಕೆ ಸುಮಾರು ೪೦ ಲೀಟರು ರಸವನ್ನು ಕಾಯಿಸಬೇಕು. ನಮ್ಮ ತೆಂಗಿನ ರಸದಲ್ಲಿ ಸಿಹಿಯು ನೂರಕ್ಕೆ ೧೫ರ ಆಸುಪಾಸು ಇರುವುದರಿಂದ ಐದಾರು ಲೀಟರಿನಲ್ಲಿ ಒಂದು ಲೀಟರು ಪಾಕವಾಗುತ್ತದೆ. ಸೌದೆಯ ಲೆಕ್ಕದಲ್ಲಿ ನಮಗೆ ಒದಗಿರುವ ಅನುಕೂಲವು ಅವರಿಗಿಲ್ಲ. ಆದರೆ ಅಲ್ಲಿಯ ರೈತನಿಗೆ ಇಲ್ಲದ ತೊಡಕೊಂದು ನಮಗುಂಟು. ಮೇಪಲ್ ರಸವು ಚಳಿಯಲ್ಲಿ ಇಳಿಯುತ್ತದೆ. ತೆಂಗಿನ ರಸವು ಬಿಸಿಲುನಾಡಿನಲ್ಲಿ ಇಳಿದು, ಕೆಲವೇ ಗಂಟೆಗಳೊಳಗೆ ತಾನಾಗಿ ಹುಳಿತು ಹೆಂಡವಾಗುತ್ತದೆ.

ಮರದ ಮೇಲಿನ ಕಾಯಿದೆ

ಈ ಸ್ವಭಾವದ ಕಾರಣದಿಂದಲೇ ಕರ್ನಾಟಕದ ೧೯೬೫ನೆಯ ಇಸವಿಯ ಅಬಕಾರಿ ಕಾಯಿದೆಯು ತೆಂಗು, ತಾಳೆ, ಈಚಲು ಜಾತಿಯ ಮರಗಳಿಂದ ಇಳಿಸಿದ ರಸವನ್ನು, ಅದು ಹುಳಿತಿದ್ದರೂ ಹುಳಿಯದಿದ್ದರೂ, ಒಂದೇ ಹೆಸರಿನ ಕೆಳಗೆ ತಂದಿತು. "ನಾನು ಹೆಂಡ ಮಾಡಲಿಲ್ಲ, ಬೆಲ್ಲ ಮಾಡಿದೆ" ಎಂಬ ಉತ್ತರವು ಮರದಡಿಯಲ್ಲಿ ನಿಂತ ಅಬಕಾರಿ ಅಧಿಕಾರಿಗೆ ಸಾಕಾಗುವುದಿಲ್ಲ. ಪರವಾನಗಿಯಿಲ್ಲದೆ ಮರವನ್ನು ಕೆತ್ತುವುದೇ ಅಪರಾಧ. ರಸವು ಮುಂದೆ ಏನಾಯಿತೆಂಬುದು ಆಮೇಲಿನ ಮಾತು.

ಇದು ಪುಸ್ತಕದ ಭಯವೆಂದು ಯಾರೂ ತಿಳಿಯಬಾರದು. ೧೯೯೮ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡ ನುಸಿರೋಗವು ಬಲುಬೇಗ ನಮ್ಮ ಸೀಮೆಗೂ ಹಬ್ಬಿ, ಕಾಯಿ ಸಣ್ಣದಾಗಿ, ಸಿಪ್ಪೆ ಸೀಳಿ, ಬೆಲೆ ಕುಸಿದಾಗ, ರೈತರು ನೀರಾ ಇಳಿಸುವ ಹಕ್ಕನ್ನು ಕೇಳಿದರು. ೨೦೦೧ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಆ ಚಳವಳಿಯ ಕಾಲಕ್ಕೆ ಪೊಲೀಸರ ಗೋಲಿಬಾರಿನಿಂದ ರೈತರು ಪ್ರಾಣ ಕಳೆದುಕೊಂಡರು. ಕೆಂಗೇರಿಯಿಂದ ಅದೇ ಮೈಸೂರು ರಸ್ತೆಯಲ್ಲಿ ಮುಂದಕ್ಕೆ ಹೋದರೆ ಸಿಕ್ಕುವ ತಾಲ್ಲೂಕು ಅದು. ಆ ಹಕ್ಕಿಗೆ ದಾರಿ ತೆರೆದುದು ಬಹು ನಿಧಾನವಾಗಿ: ೨೦೧೦ರ ದಶಕದ ಉತ್ತರಾರ್ಧದಲ್ಲಿ ರಾಜ್ಯ ಸರ್ಕಾರವು ಅಬಕಾರಿ ನಿಯಮಗಳನ್ನು ಸಡಿಲಿಸಿ, ತೆಂಗು ಬೆಳೆಗಾರರ ಉತ್ಪಾದಕ ಸಂಸ್ಥೆಗಳ ಮೂಲಕ ನೀರಾ ಇಳಿಸುವುದಕ್ಕೆ ಅವಕಾಶವನ್ನು ಕಲ್ಪಿಸಿತು.

ಇಲ್ಲಿ ಜಮೀನುದಾರರು ಗಮನಿಸತಕ್ಕ ಮಾತೆಂದರೆ, ಈ ದಾರಿಯು ಸಂಘದ ದಾರಿಯೇ ಹೊರತು ಒಂಟಿಗನ ದಾರಿಯಲ್ಲ. ಹತ್ತು ಮರದ ತೋಟದವನು ತಾನೊಬ್ಬನೇ ಅರ್ಜಿ ಹಿಡಿದು ತಿರುಗುವುದಕ್ಕಿಂತ, ನೆರೆಹೊರೆಯ ಬೆಳೆಗಾರರೊಡನೆ ಉತ್ಪಾದಕ ಸಂಸ್ಥೆಯ ಸದಸ್ಯನಾಗಿ, ಅದರ ಹೆಸರಿನಲ್ಲಿ ಅನುಮತಿ ಪಡೆಯುವುದು ಕ್ಷೇಮಕರ. ಈ ವಿಷಯದಲ್ಲಿ ಸಲಹೆ ಕೇಳಲು ತೆಂಗು ಅಭಿವೃದ್ಧಿ ಮಂಡಳಿಯ ಪ್ರಾದೇಶಿಕ ಕಚೇರಿಯು ಬೆಂಗಳೂರಿನ ಹುಳಿಮಾವಿನಲ್ಲಿದೆ. ತೋಟವನ್ನು ಗುತ್ತಿಗೆಗೆ ಕೊಟ್ಟಿದ್ದೇನೆ, ಮರ ಏರಿದವನು ಬೇರೆಯವನು ಎಂಬ ಮಾತನ್ನು ನೆಚ್ಚಿಕೊಂಡಿರಬೇಡಿರಿ. ಮಹಜರಿನಲ್ಲಿ ಮೊದಲು ಬರೆಯುವುದು ತೋಟ ಯಾರದೆಂಬುದನ್ನು. ಆದುದರಿಂದ ಗುತ್ತಿಗೆಯ ಕರಾರಿನಲ್ಲಿಯೇ, ಅನುಮತಿಯಿಲ್ಲದೆ ಹೊಂಬಾಳೆಯನ್ನು ಕೆತ್ತಕೂಡದೆಂದು ಒಂದು ಷರತ್ತನ್ನು ಬರೆಯಿಸತಕ್ಕದ್ದು.

ರಾಜಾಜಿನಗರದ ಹೆಸರಿಗೆ ಕಾರಣರಾದ ರಾಜಗೋಪಾಲಾಚಾರ್ಯರು ೧೯೩೭ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದವರು. ಅವರ ಹೆಸರಿನ ಬಡಾವಣೆಯ ಅಂಗಡಿಗೆ ಅರ್ಧ ಹುಳಿತ ಸೀಸೆಯನ್ನು ಕಳುಹಿಸುವವನು ಕಾಯಿದೆಯ ಜೊತೆಗೆ ಹಾಸ್ಯಕ್ಕೂ ಗುರಿಯಾಗುತ್ತಾನೆ.

ಇಳಿಸುವುದೂ ಕಾಯಿಸುವುದೂ

ಹಿಂದಿನ ಪದ್ಧತಿಯಲ್ಲಿ ಗಡಿಗೆಯ ಒಳಮೈಗೆ ಸುಣ್ಣ ಬಳಿದು ಹುಳಿಯನ್ನು ತಡೆಯುತ್ತಿದ್ದರು. ಸುಣ್ಣ ಹೆಚ್ಚಾದರೆ ಪಾಕವು ಕಪ್ಪಾಗಿ ನಾಲಿಗೆಗೆ ಒಗರಾಗುತ್ತದೆ; ಕಡಮೆಯಾದರೆ ರಸ ಕೆಡುತ್ತದೆ. ೧೯೧೬ರಲ್ಲಿ ತೆಂಗಿನ ಸಂಶೋಧನಾ ಕ್ಷೇತ್ರವಾಗಿ ಆರಂಭವಾದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಇದಕ್ಕೆ ಬದಲಾಗಿ, ಮಂಜುಗಡ್ಡೆಯಿರುವ ಪೆಟ್ಟಿಗೆಯನ್ನು ಹೊಂಬಾಳೆಗೇ ಕಟ್ಟಿ, ಸುಣ್ಣವಿಲ್ಲದೆ ತಣ್ಣಗೆ ರಸ ಹಿಡಿಯುವ ಕ್ರಮವನ್ನು ರೂಢಿಗೆ ತಂದಿದೆ. ಹಾಗೆ ಹಿಡಿದ ರಸಕ್ಕೆ ಅವರು ಕಲ್ಪರಸವೆಂದು ಹೆಸರಿಟ್ಟಿದ್ದಾರೆ. ಪಾಕದ ವ್ಯಾಪಾರಕ್ಕೆ ಕೈಹಾಕುವವರು ಈ ಕ್ರಮವನ್ನೇ ಹಿಡಿಯುವುದು ಲೇಸು; ಏಕೆಂದರೆ ರಸದಲ್ಲಿ ಹುಳಿಯಿಲ್ಲವೆಂಬುದೇ ಅಬಕಾರಿಯವರ ಮುಂದೆಯೂ ಗಿರಾಕಿಯ ಮುಂದೆಯೂ ನಮ್ಮ ಮೊದಲನೆಯ ಸಾಕ್ಷಿ.

ಪಾಕದ ಹದದ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಮೇಪಲ್ ಪಾಕದವರು, ನೀರು ಕುದಿಯುವ ಉಷ್ಣತೆಗಿಂತ ನಾಲ್ಕು ಡಿಗ್ರಿ ಸೆಂಟಿಗ್ರೇಡು ಮೇಲೇರಿದಾಗ ಹದ ಬಂದಿತೆಂದು ಎಣಿಸುತ್ತಾರೆ. ಆಗ ಸಿಹಿಯು ನೂರಕ್ಕೆ ೬೬ರ ಮಟ್ಟದಲ್ಲಿರುತ್ತದೆ. ಸಮುದ್ರತೀರದಲ್ಲಿ ಇದು ೧೦೪ ಡಿಗ್ರಿಗೆ ಆಗುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ೯೭ ಡಿಗ್ರಿಯ ಹತ್ತಿರದಲ್ಲಿಯೇ ಕುದಿಯುತ್ತದೆ. ಆದುದರಿಂದ ಕೆಂಗೇರಿಯ ಒಲೆಯ ಮೇಲೆ ೧೦೧ಕ್ಕೇ ಆ ಹದ ಬಂದಿರುತ್ತದೆ. ಕರಾವಳಿಯ ಕೈಪಿಡಿಯನ್ನು ನೋಡಿ ೧೦೪ರವರೆಗೆ ಕಾಯಿಸಿದವನ ಪಾಕವು ಸೀಸೆಯಲ್ಲಿ ಹರಳುಗಟ್ಟುತ್ತದೆ. ಆ ದಿನ ನೀರು ಯಾವ ಡಿಗ್ರಿಗೆ ಕುದಿಯಿತೆಂಬುದನ್ನು ಮೊದಲು ಉಷ್ಣಮಾಪಕದಿಂದ ನೋಡಿಕೊಂಡು ಆಮೇಲೆ ರಸವನ್ನು ಕಾಯಿಸತಕ್ಕದ್ದು. ರಿಫ್ರಾಕ್ಟೋಮೀಟರ್ ಎಂಬ ಸಿಹಿ ಅಳೆಯುವ ಕೈಯುಪಕರಣವನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೆರಳಿಗೆ ಎಳೆ ಬರುವುದನ್ನು ನೋಡಿ ಹೇಳುವ ಅಜ್ಜಿಯರ ಅಂದಾಜು ಮನೆಯ ಪಾಯಸಕ್ಕೆ ಸರಿಯೇ, ವ್ಯಾಪಾರಕ್ಕೆ ಸಾಲದು.

ಹದವು ಎಳೆಯದಾಗಿ ನಿಂತರೆ ಆಗುವ ಕೇಡು ಇನ್ನೂ ದೊಡ್ಡದು. ಮಾಗಡಿ ರಸ್ತೆಯ ಕಡೆಯ ಒಂದು ಮನೆಯವರು ಕಬ್ಬಿನ ಹಾಲಿನಿಂದ ಜೋನಿಬೆಲ್ಲವನ್ನು ಕಾಯಿಸಿ ಮಾರುತ್ತಿದ್ದರು. ಕಬ್ಬಿಗೆ ಮರದ ಪರವಾನಗಿಯ ತೊಡಕಿಲ್ಲ. ಸಣ್ಣದಾಗಿ ಆರಂಭಿಸುವವರಿಗೆ ಅದೇ ಸುಲಭವೆಂದು ನನ್ನ ಅಭಿಪ್ರಾಯ. ಅವರು ಮೂರು ಕೊಪ್ಪರಿಗೆ ಕಾಯಿಸಿದ ದಿನ ಕೊನೆಯದನ್ನು ಸಂಜೆಯ ಮಳೆಗೆ ಹೆದರಿ ಬೇಗ ಇಳಿಸಿದರು. ಮೂರನ್ನೂ ಗುರುತಿಲ್ಲದೆ ಸೀಸೆಗೆ ತುಂಬಿ ವಿಜಯನಗರದ ಅಂಗಡಿಗೆ ಕಳುಹಿಸಿದರು. ಎರಡು ವಾರದಲ್ಲಿ ಕೆಲವು ಸೀಸೆಗಳು ನೊರೆಯೆದ್ದು ಮುಚ್ಚಳ ಹಾರಿಸಿದವು. ಯಾವುದು ಯಾವ ಕೊಪ್ಪರಿಗೆಯದೆಂದು ಹೇಳಲು ಅವರಿಂದ ಆಗಲಿಲ್ಲ. ಅಂಗಡಿಯವನು ಎಲ್ಲವನ್ನೂ ಹಿಂದಕ್ಕೆ ಕಳುಹಿಸಿದನು. ಕೆಟ್ಟದ್ದು ಮೂರರಲ್ಲಿ ಒಂದು ಪಾಲು, ಚೆಲ್ಲಿದ್ದು ಮೂರು ಪಾಲು. ಸೊಸೆಯು ಸ್ವಸಹಾಯ ಸಂಘದಿಂದ ತಂದ ಸಾಲವು ಹಾಗೆಯೇ ಉಳಿಯಿತು.

ಆಹಾರದ ಕಾಯಿದೆ

ಅಂಗಡಿಯವನು ಮಾಡಿದುದನ್ನೇ ಕಾಯಿದೆಯೂ ಮಾಡುತ್ತದೆ. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ, ಒಂದು ತಂಡದ ಸರಕಿನಲ್ಲಿ ಸ್ವಲ್ಪ ಭಾಗವು ಅಪಾಯಕರವೆಂದು ಕಂಡುಬಂದರೆ, ಬೇರೆ ರೀತಿಯಾಗಿ ಸಿದ್ಧಪಡದ ಹೊರತು ಆ ತಂಡವೆಲ್ಲವೂ ಅಪಾಯಕರವೆಂದೇ ಊಹಿಸಲಾಗುತ್ತದೆ. ಸಣ್ಣ ಕೊಪ್ಪರಿಗೆಯ ವ್ಯಾಪಾರಿಗೆ ಇದು ಶಿಕ್ಷೆಯಾಗಿ ಕಂಡರೂ, ಸರಿಯಾಗಿ ನೋಡಿದರೆ ರಕ್ಷೆಯೇ ಆಗಿದೆ. ಪ್ರತಿಯೊಂದು ಕೊಪ್ಪರಿಗೆಗೂ ಬೇರೆ ಸಂಖ್ಯೆ ಕೊಟ್ಟು, ರಸ ಇಳಿಸಿದ ಹೊತ್ತು, ಒಲೆಗೆ ಇಟ್ಟ ಹೊತ್ತು, ಇಳಿಸಿದಾಗಿನ ಉಷ್ಣತೆ, ತುಂಬಿದ ಸೀಸೆಗಳ ಲೆಕ್ಕ, ಹೋದ ಅಂಗಡಿ ಇವುಗಳನ್ನು ಒಂದು ಪುಟದಲ್ಲಿ ಬರೆದಿಟ್ಟವನ ನಷ್ಟವು ಆ ಪುಟವನ್ನು ದಾಟುವುದಿಲ್ಲ. ತನ್ನಿಂದಾಗುವ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡಿದ್ದೆನೆಂಬುದು ಈ ಕಾಯಿದೆಯಲ್ಲಿ ಅಂಗೀಕೃತವಾದ ಸಮಾಧಾನವಾಗಿದೆ; ಪುಸ್ತಕವಿಲ್ಲದೆ ಅದನ್ನು ರುಜುವಾತುಪಡಿಸುವುದು ಕಷ್ಟ.

ಮನೆಯಲ್ಲಿ ಮಾಡಿದ್ದಕ್ಕೆ ಕಾಯಿದೆ ಇಲ್ಲವೆಂಬ ನಂಬಿಕೆಯು ಹಳ್ಳಿಗಳಲ್ಲಿ ಬಲವಾಗಿದೆ. ಮಾರಾಟಕ್ಕೆ ಇಟ್ಟ ಕ್ಷಣದಿಂದ ಅದು ಆಹಾರ ವ್ಯವಹಾರವೇ. ಸಣ್ಣ ತಯಾರಕನಿಗೆ ದೊಡ್ಡ ಲೈಸೆನ್ಸಿನಿಂದ ವಿನಾಯಿತಿಯುಂಟು, ಆದರೆ ನೋಂದಣಿಯಿಂದ ವಿನಾಯಿತಿಯಿಲ್ಲ. ೨೦೧೧ರ ನಿಯಮಾವಳಿಯು ವರ್ಷಕ್ಕೆ ೧೨ ಲಕ್ಷ ರೂಪಾಯಿಯೊಳಗಿನ ವಹಿವಾಟನ್ನು ಸಣ್ಣದೆಂದು ಎಣಿಸಿ, ನೋಂದಣಿಗೆ ವರ್ಷಕ್ಕೆ ೧೦೦ ರೂಪಾಯಿ ಶುಲ್ಕವನ್ನು ಗೊತ್ತುಮಾಡಿತು. ಇಂಥ ಮಿತಿಗಳು ತಿದ್ದುಪಡಿಗೆ ಒಳಪಡತಕ್ಕವಾದುದರಿಂದ ಅರ್ಜಿ ಹಾಕುವ ದಿನದ ಮಿತಿಯನ್ನು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಅಧಿಕಾರಿಯು ಮಾದರಿ ತೆಗೆಯಲು ಬಂದರೆ ಗಾಬರಿಗೊಂಡು ಸೀಸೆಗಳನ್ನು ಅಡಗಿಸುವವರೇ ಬಹಳ. ಅದಕ್ಕಿಂತ ತಮ್ಮ ಹಕ್ಕನ್ನು ತಿಳಿದಿರುವುದು ಮೇಲು. ಮಾದರಿಯನ್ನು ನಾಲ್ಕು ಭಾಗ ಮಾಡಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಗೆ. ತಯಾರಕನು ಕೋರಿದರೆ ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು. ಈ ಕೋರಿಕೆಯನ್ನು ಆಗಲೇ ಬರವಣಿಗೆಯಲ್ಲಿ ಕೊಡಿರಿ. ವಿಶ್ಲೇಷಕರ ವರದಿಯು ವಿರುದ್ಧವಾಗಿ ಬಂದರೆ ಅದು ಕೈಸೇರಿದ ೩೦ ದಿನಗಳೊಳಗೆ ಮೇಲ್ಮನವಿ ಮಾಡಿಕೊಳ್ಳಬಹುದು.

ಸೀಸೆಯ ಚೀಟಿಯಲ್ಲಿ ಆಗುವ ತಪ್ಪುಗಳೇ ಹೆಚ್ಚು, ಅವು ತಪ್ಪಿಸಬಹುದಾದವೂ ಹೌದು. ತೆಂಗಿನ ಪಾಕಕ್ಕೆ "ತೆಂಗಿನ ಜೇನು" ಎಂದು ಹೆಸರಿಡುವ ಚಾಳಿ ಕೆಲವರಿಗಿದೆ. ಕಾಯಿದೆಯಲ್ಲಿ ಜೇನೆಂದರೆ ಜೇನುಹುಳು ಮಾಡಿದ್ದು ಮಾತ್ರ. ಜೋನಿಬೆಲ್ಲವನ್ನು "ಕಾಕಂಬಿ" ಎಂದು ಬರೆಯುವುದೂ ತರವಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯು ಅಬಕಾರಿ ಹತೋಟಿಗೆ ಒಳಪಟ್ಟ ಪದಾರ್ಥವಾದುದರಿಂದ ವೃಥಾ ಸಂಶಯಕ್ಕೆ ಎಡೆಯಾಗುತ್ತದೆ. ಸಕ್ಕರೆ ಬೆರಸಿದ್ದರೆ ಬೆರಸಿದೆಯೆಂದು ಬರೆಯಿರಿ. ಮಧುಮೇಹಿಗಳಿಗೆ ಹಿತಕರವೆಂದು ಮಾತ್ರ ಎಂದಿಗೂ ಬರೆಯಬೇಡಿರಿ. ಪಾಕವು ಎಲ್ಲಿಂದ ಬಂದರೂ ಬಹುಮಟ್ಟಿಗೆ ಸಕ್ಕರೆಯೇ. ಬಸವೇಶ್ವರನಗರದ ವೃದ್ಧರೊಬ್ಬರು ಅದನ್ನು ನಂಬಿ ಆಸ್ಪತ್ರೆ ಸೇರಿದರೆ ಅದರ ಹೊಣೆಯು ಹಣದಿಂದ ತೀರುವಂಥದಲ್ಲ. ೨೦೦೬ರ ಕಾಯಿದೆಯು ತಪ್ಪು ಚೀಟಿಗೆ ಮೂರು ಲಕ್ಷ, ಮೋಸದ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸಿತು. ಹೆಸರು, ವಿಳಾಸ, ಪದಾರ್ಥಗಳು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನ, ಬಾಳಿಕೆಯ ಅವಧಿ, ಕೊಪ್ಪರಿಗೆಯ ಸಂಖ್ಯೆ, ೧೪ ಅಂಕಿಗಳ ನೋಂದಣಿ ಸಂಖ್ಯೆ, ಚೌಕದೊಳಗಿನ ಹಸಿರು ಬೊಟ್ಟು ಇವಿಷ್ಟೂ ಚೀಟಿಯಲ್ಲಿರಲಿ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರತಕ್ಕದ್ದು.

ಉಳಿದದ್ದು ನೀರಿನ ಮಾತು. ಕೆಂಗೇರಿಯ ಮಗ್ಗುಲಲ್ಲಿ ಹರಿಯುವ ವೃಷಭಾವತಿಯು ನಗರದ ಕೊಚ್ಚೆಯನ್ನು ಹೊತ್ತು ತರುವುದು ಎಲ್ಲರೂ ಬಲ್ಲ ಸಂಗತಿ. ಆ ಹೊಳೆಯ ಬಳಿಯ ಬಾವಿ, ಕೊಳವೆಬಾವಿಗಳ ನೀರಿನಲ್ಲಿ ಸೀಸೆ ತೊಳೆಯುವವರು ಮೊದಲು ಆ ನೀರನ್ನು ಪರೀಕ್ಷೆಗೆ ಕಳುಹಿಸಿ, ವರದಿಯನ್ನು ಲೆಕ್ಕದ ಪುಸ್ತಕದಲ್ಲಿಯೇ ಅಂಟಿಸಿಡತಕ್ಕದ್ದು. ಮರ ಏರುವವನಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರಾ ಸುರಕ್ಷಾ ವಿಮೆಯನ್ನು ಮಾಡಿಸಿದ ಕಾಗದವನ್ನೂ ಅದೇ ಪುಸ್ತಕದಲ್ಲಿ ಇಟ್ಟುಕೊಳ್ಳಬಹುದು.