ಅಡಿಕೆಯ ಸೀಮೆಯಲ್ಲಿ ಬಾಯಿಲೆಕ್ಕ

ಚನ್ನಗಿರಿಯ ಸೀಮೆಯಲ್ಲಿ ಅಡಿಕೆಯ ಮಾತು ಕೇಳಿಬಾರದ ಮನೆ ವಿರಳ. ತುಮ್ಕೋಸ್ ಸಹಕಾರ ಸಂಘದ ಹೆಸರು ಇಲ್ಲಿನ ಮಕ್ಕಳಿಗೂ ಪರಿಚಿತ. ಆದರೆ ಕ್ವಿಂಟಲಿಗೆ 48 ಸಾವಿರ ರೂಪಾಯಿ ಎಂದಿಟ್ಟುಕೊಂಡು, 75 ಕಿಲೋಗೆ ಎಷ್ಟಾಗುವುದೆಂದು ಕೇಳಿರಿ. ಐದನೆಯ ತರಗತಿಯ ಬಾಲಕನು ಮೊಬೈಲನ್ನು ಹುಡುಕತೊಡಗುತ್ತಾನೆ. ಅವನ ಅಜ್ಜನಾದರೋ ಎಲೆಗೆ ಸುಣ್ಣ ಹಚ್ಚುತ್ತಲೇ, "ಮುಕ್ಕಾಲು ಕ್ವಿಂಟಲ್, 36 ಸಾವಿರ" ಎಂದುಬಿಡುತ್ತಾನೆ.

ಇದು ಹಳೆಯ ಮಗ್ಗಿಗಳ ಫಲ. ಕೂಲಿಮಠಗಳಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ರೂಪಾಯಿಗೆ 16 ಆಣೆಯಿದ್ದ ಕಾಲಕ್ಕೆ ಅವು ಅನಿವಾರ್ಯ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. ಆ ಮಗ್ಗಿಗಳು ಕ್ರಮೇಣ ಮರೆಗೆ ಸರಿದವು. ಶರಣರ ಶತಮಾನವಾದ 12ನೆಯದರಲ್ಲಿಯೇ ರಾಜಾದಿತ್ಯನೆಂಬ ಜೈನ ಪಂಡಿತನು 'ವ್ಯವಹಾರ ಗಣಿತ'ವನ್ನು ಕನ್ನಡದಲ್ಲಿ ರಚಿಸಿದ ನಾಡಿದು!

ಆದರೂ ಹಳೆಯದೆಲ್ಲವೂ ಹೊನ್ನಲ್ಲ. ಬೆರಳೆಣಿಸಿದೆನೆಂದು ಬಾಲ್ಯದಲ್ಲಿ ಉಪಾಧ್ಯಾಯರೊಬ್ಬರು ನನ್ನ ಕೈಗೆ ಬೆತ್ತದಿಂದ ಹೊಡೆದರು. ಬಳಿಕ ಎರಡು ವರ್ಷ, ಲೆಕ್ಕದ ಹೊತ್ತಿನಲ್ಲಿ ಉತ್ತರ ತಿಳಿದಿದ್ದರೂ ನನಗೆ ನಾಲಿಗೆ ಏಳುತ್ತಿರಲಿಲ್ಲ. ಆ ಭಯವನ್ನು ಬಿಡಿಸಿದ್ದು ಮಠದ ದಾಸೋಹದ ಅಡುಗೆಮನೆ. ಒಬ್ಬರಿಗೆ 150 ಗ್ರಾಂ ಅಕ್ಕಿಯಾದರೆ 180 ಮಂದಿಗೆ ಎಷ್ಟು? ಅಡುಗೆಯ ಹಿರಿಯರು ಅವಸರಪಡಿಸಲಿಲ್ಲ. "ಮೊದಲು ಹತ್ತು ಮಂದಿಗೆ ಹೇಳು" ಎಂದರು. ಹತ್ತಕ್ಕೆ ಒಂದೂವರೆ ಕಿಲೋ, ನೂರಕ್ಕೆ 15, ಎಂಬತ್ತಕ್ಕೆ 12, ಒಟ್ಟು 27. ತಪ್ಪಿದರೆ ಅನ್ನ ಸಾಲದು ಎಂಬ ಎಚ್ಚರವಿತ್ತು, ಬೆತ್ತವಿರಲಿಲ್ಲ.

ಬಾಯಿಲೆಕ್ಕವೆಂದರೆ ಸಂಖ್ಯೆಯನ್ನು ಅನುಕೂಲವಾಗಿ ಒಡೆಯುವ ವಿದ್ಯೆ. ಒಂದನೆಯ ತರಗತಿಯ ಮಗುವಿನ ಮುಂದೆ 8 ಅಡಿಕೆಯದೊಂದು, 7 ಅಡಿಕೆಯದೊಂದು ಗುಡ್ಡೆ ಇಡಿರಿ. ಎರಡನ್ನು ಆಚೆಗೆ ಸರಿಸಿದರೆ ಹತ್ತು ಮತ್ತು ಐದು. ಹದಿನೈದು ಕಣ್ಣಿಗೇ ಕಾಣುತ್ತದೆ. ಈ ಸರಿಸುವಿಕೆ ಕೈಯಿಂದ ಮನಸ್ಸಿಗೆ ಇಳಿಯಲು ತಿಂಗಳುಗಳೇ ಬೇಕಾದೀತು, ತಾಯಂದಿರು ತಾಳಬೇಕು. ಮುಂದೆ ಅದೇ ಮಗು 39ಕ್ಕೆ 26 ಕೂಡಿಸುವಾಗ 40, 25 ಎಂದು ತಾನೇ ಬದಲಿಸಿಕೊಳ್ಳುತ್ತದೆ. ಮಗ್ಗಿ ಬೇಡವೆಂದಲ್ಲ, ಬೇಕೇ ಬೇಕು. ಆದರೆ ಉತ್ತರ ಸರಿಯಿದ್ದಾಗಲೂ "ಹೇಗೆ ಮಾಡಿದೆ?" ಎಂದು ಕೇಳಿರಿ. ಗಡಿಯಾರ ಹಿಡಿದು ಕೂರುವುದು ನನಗೆ ಸರಿದೋರದು.

ನೆರೆಮನೆಯ ಬಾಲಕಿಗೆ ಮೊನ್ನೆ ಹನ್ನೆರಡೂವರೆ ಕಿಲೋ ಅಡಿಕೆಯ ಬೆಲೆ ಕೇಳಿದೆ. ದರ ಅದೇ 48 ಸಾವಿರ. ಕ್ಷಣಕಾಲ ಸುಮ್ಮನಿದ್ದು, "24, 12, 6... ಆರು ಸಾವಿರ!" ಎಂದಳು. ಅರ್ಧ ಮಾಡಿದಷ್ಟು ಸಲವೂ ಒಂದೊಂದು ಬೆರಳು ಮಡಚಿದ್ದಳು. ನಾನು ನೋಡದವನಂತೆ ಇದ್ದೆ.