ಹಿಡಿ ಅಡಿಕೆ, ಹತ್ತು ಕೋಟಿ ಸೂಚನೆ

ಸುಳ್ಯ, ಕಡಬದ ತೋಟಗಳಿಂದ ಪುತ್ತೂರು ಪೇಟೆಗೆ ಅಡಿಕೆ ಗೋಣಿ ಬಂದರೆ ವ್ಯಾಪಾರಿ ಪ್ರತಿಯೊಂದು ಅಡಿಕೆಯನ್ನೂ ತುಂಡು ಮಾಡಿ ನೋಡುತ್ತಾ ಕೂರುವುದಿಲ್ಲ. ಅಲ್ಲಲ್ಲಿಂದ ಒಂದಿಷ್ಟು ತೆಗೆದು ನೋಡಿ ದರ ಹೇಳುತ್ತಾನೆ. ಮೇಲಿನ ಹಿಡಿಯನ್ನು ಮಾತ್ರ ನಂಬಿದರೆ ಕೆಟ್ಟ. ಅಡಿಯಲ್ಲಿ ಕರಿಗೋಟು ಇರಬಹುದಲ್ಲ! ಕಂಪ್ಯೂಟರ್ ಚಿಪ್ ರೂಪಿಸುವ ಎಂಜಿನಿಯರುಗಳಿಗೂ ಇದೇ ತಲೆಬಿಸಿ ಉಂಟು.

ಹೊಸ ಪ್ರೊಸೆಸರ್ ತಯಾರಾದ ಮೇಲೆ ಅದರ ಒಳಗನ್ನು ಬಿಚ್ಚಿ ಬದಲಿಸುವಂತಿಲ್ಲ. ಅದು ಎಷ್ಟು ಚುರುಕು ಎಂದು ಮೊದಲೇ ತಿಳಿಯಬೇಕು. ಅದಕ್ಕಾಗಿ, ಇನ್ನೂ ಹುಟ್ಟದ ಆ ಚಿಪ್‌ನಂತೆ ನಟಿಸುವ ಒಂದು ಪ್ರೋಗ್ರಾಂ ಬರೆಯುತ್ತಾರೆ. ಅದೇ ಸಿಮ್ಯುಲೇಟರ್. ಒಳಗಿನ ಪ್ರತಿ ಹೆಜ್ಜೆಯನ್ನೂ ಲೆಕ್ಕವಿಡುವುದರಿಂದ ಇದು ವಿಪರೀತ ನಿಧಾನ. ಹತ್ತು ಸಾವಿರ ಪಟ್ಟು ನಿಧಾನ ಎಂದಿಟ್ಟುಕೊಳ್ಳಿ, ಒಂದು ನಿಮಿಷದ ಕೆಲಸಕ್ಕೆ 6 ದಿನ, 22 ಗಂಟೆ, 40 ನಿಮಿಷ!

ಒಂದು ತುಂಡನ್ನಷ್ಟೇ ಓಡಿಸಿದರೆ ಸಾಲದೇ? ಸಾಕು, ಆದರೆ ಯಾವ ತುಂಡು? ಪ್ರೋಗ್ರಾಮಿನ ಆರಂಭ ಹೆಚ್ಚಾಗಿ ಬರೀ ಸಿದ್ಧತೆ. ಬ್ಯಾಂಕಿನ ಬಾಗಿಲು ತೆರೆದು ಲೆಡ್ಜರ್ ಹೊರಗಿಡುವುದನ್ನು ನೋಡಿ ಪಿಂಚಣಿ ದಿನದ ನೂಕುನುಗ್ಗಲು ಅಳೆಯಲಾದೀತೇ?

2002ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಿಮೊಥಿ ಶೆರ್‌ವುಡ್, ಎರೆಜ್ ಪೆರೆಲ್‌ಮನ್, ಗ್ರೆಗ್ ಹ್ಯಾಮರ್ಲಿ, ಬ್ರಾಡ್ ಕಾಲ್ಡರ್ ಒಂದು ದಾರಿ ತೋರಿಸಿದರು. ಅದರ ಹೆಸರು ಸಿಮ್‌ಪಾಯಿಂಟ್. ಪ್ರೋಗ್ರಾಮಿನ ಓಟವನ್ನು ಹತ್ತು ಕೋಟಿ ಸೂಚನೆಗಳ ತುಂಡುಗಳಾಗಿ ಕಡಿದರು. ಪ್ರತಿ ತುಂಡಿನಲ್ಲಿ ಪ್ರೋಗ್ರಾಮಿನ ಯಾವ ಭಾಗ ಎಷ್ಟು ಸಲ ಓಡಿತು ಎಂದು ಎಣಿಸಿದರು. ಎಣಿಕೆ ಹೋಲುವ ತುಂಡುಗಳನ್ನು ಒಂದೊಂದು ರಾಶಿ ಮಾಡಿದರು. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಎಂದು ನಾವು ಬೇರೆ ಮಾಡುವುದಿಲ್ಲವೇ, ಹಾಗೆ. ಪ್ರತಿ ರಾಶಿಯ ಗುಣವನ್ನು ಚೆನ್ನಾಗಿ ಹೋಲುವ ಒಂದೇ ತುಂಡು ಸಿಮ್ಯುಲೇಟರಿಗೆ ಹೋಗುತ್ತದೆ. ಈ ಎಣಿಕೆ ಚಿಪ್‌ನ ವಿನ್ಯಾಸವನ್ನು ಅವಲಂಬಿಸಿಲ್ಲ; ಒಮ್ಮೆ ಆರಿಸಿದ ತುಂಡುಗಳನ್ನೇ ಬೇರೆ ಬೇರೆ ವಿನ್ಯಾಸಗಳ ಪರೀಕ್ಷೆಗೂ ಬಳಸಬಹುದು.

ನನಗೆ ತುಂಬಾ ಹಿಡಿಸಿದ್ದು ಕೊನೆಯ ಲೆಕ್ಕ. ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ನೂರರಲ್ಲಿ 60 ತುಂಡು ಒಂದು ರಾಶಿ, 30 ಇನ್ನೊಂದು, 10 ಮತ್ತೊಂದು. ಒಂದು ಸೂಚನೆಗೆ ಚಿಪ್‌ನ ಗಡಿಯಾರ ಕ್ರಮವಾಗಿ 1, 2, 5 ಸಲ ಮಿಡಿಯಬೇಕು ಎನ್ನೋಣ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 2.67. ರಾಶಿಯ ತೂಕ ಸೇರಿಸಿದರೆ 1.7. ತೂಕ ಮರೆತರೆ ಒಳ್ಳೆಯ ಚಿಪ್ ಒಂದನ್ನು ನಿಧಾನವೆಂದು ಸುಮ್ಮನೆ ಕೈಬಿಟ್ಟಾರು!

ಒಂದು ತೊಡಕು ಉಳಿಯಿತು. ನಡುವಿನಿಂದ ಶುರು ಮಾಡಿದಾಗ ಚಿಪ್‌ನ ‘ಕ್ಯಾಶ್’ ಖಾಲಿ ಇರುತ್ತದೆ. (ನಮ್ಮ ಬ್ಯಾಂಕಿನ ಕ್ಯಾಶ್ ಬೇರೆ! ಇದು ಆಗಾಗ ಬೇಕಾಗುವುದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಪುಟ್ಟ ನೆನಪಿನ ಕಪಾಟು.) ಹಾಗಾಗಿ ತುಸು ಹಿಂದಿನಿಂದಲೇ ಓಡಿಸಿ, ಕಪಾಟು ತುಂಬಿದ ಮೇಲೆ ಲೆಕ್ಕ ಹಿಡಿಯಲು ತೊಡಗುತ್ತಾರೆ.