ಅಂಡಾಣುವಿಗೂ ಒಂದು ಪಾಕ

‘ಫ್ರೀಜರಿನಲ್ಲಿ ಮರೆತ ಟೊಮೆಟೊ ಹೊರಗೆ ತೆಗೆದರೆ ಪಿಚಪಿಚ ಆಗಿರುತ್ತದೆ. ಅಂಡಾಣು ಮಾತ್ರ ವರ್ಷಗಟ್ಟಲೆ ಕೆಡದೆ ಹೇಗಿರುತ್ತದೆ?’ ಬೆಂಗಳೂರಿನ ಓದುಗರೊಬ್ಬರ ಪ್ರಶ್ನೆ. ವಯಸ್ಸು 31, ಮದುವೆಯ ಯೋಚನೆ ಸದ್ಯಕ್ಕಿಲ್ಲ, ‘ಎಗ್ ಫ್ರೀಜಿಂಗ್’ ಜಾಹೀರಾತು ಮೊಬೈಲಿನಲ್ಲಿ ದಿನಾ ಬರುತ್ತದಂತೆ.

ಟೊಮೆಟೊವನ್ನು ಕೆಡಿಸುವುದು ಚಳಿಯಲ್ಲ, ಹರಳು. ನೀರು ಹೆಪ್ಪುಗಟ್ಟುವಾಗ ಮೂಡುವ ಮಂಜಿನ ಹರಳು ಕೋಶದ ಪೊರೆಯನ್ನು ಸೀಳಿಬಿಡುತ್ತದೆ. ವೀರ್ಯಾಣು ಪುಟ್ಟದು, ಒಳಗೆ ನೀರೂ ಕಡಿಮೆ, ಹೇಗೋ ಬಚಾವಾಗುತ್ತದೆ. ಪಶು ಆಸ್ಪತ್ರೆಯಲ್ಲಿ ಹೊಗೆಯಾಡುವ ಕ್ಯಾನಿನಿಂದ ಇಕ್ಕಳದಲ್ಲಿ ವೀರ್ಯದ ಕಡ್ಡಿ ಎತ್ತಿ, ಬೆಚ್ಚಗಿನ ನೀರಿಗೆ ಅದ್ದಿ, ಹಸುವಿಗೆ ‘ಇಂಜೆಕ್ಷನ್’ ಕೊಡಿಸಿದವರಿಗೆ ಇದು ಹೊಸದಲ್ಲ. ಆ ವಿದ್ಯೆ ಒಂದು ಎಡವಟ್ಟಿನ ಕೂಸು. ಲಂಡನ್ನಿನಲ್ಲಿ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು ಸಕ್ಕರೆ ದ್ರಾವಣವೆಂದು ಕೋಳಿಯ ವೀರ್ಯಕ್ಕೆ ಬೆರೆಸಿದ್ದ ಸೀಸೆಯ ಚೀಟಿಯೇ ತಪ್ಪು. ಒಳಗಿದ್ದದ್ದು ಗ್ಲಿಸರಿನ್! ಹೆಪ್ಪುಗಟ್ಟಿಸಿದರೂ ವೀರ್ಯ ಉಳಿಯಿತು, 1949ರಲ್ಲಿ ಸುದ್ದಿ ಪ್ರಕಟವಾಯಿತು.

ಅಂಡಾಣು ಹಾಗೆ ಸುಲಭಕ್ಕೆ ಬಗ್ಗಲಿಲ್ಲ. ಸುಮಾರು 0.1 ಮಿಲಿಮೀಟರ್ ಅಗಲದ ಅದು ನಮ್ಮ ದೇಹದ ಅತಿ ದೊಡ್ಡ ಕೋಶ, ನೀರಿನ ಚೀಲವೇ ಸರಿ. ಒಳಗೆ ವರ್ಣತಂತುಗಳು ನವಿರಾದ ಕದಿರಿಗೆ ಜೋತುಬಿದ್ದಿರುತ್ತವೆ. ಚಳಿ ತಾಗಿದರೆ ಕದಿರು ಕುಸಿಯುತ್ತದೆ. 1986ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕ್ರಿಸ್ಟೋಫರ್ ಚೆನ್ ಹೆಪ್ಪುಗಟ್ಟಿಸಿದ ಅಂಡಾಣುಗಳಿಂದ ಅವಳಿ ಗರ್ಭ ನಿಲ್ಲಿಸಿದರೂ, ಆಮೇಲೆ ಹತ್ತು ವರ್ಷ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಚಳಿಗೆ ಅಂಡಾಣುವಿನ ಹೊರಕವಚ ಗಟ್ಟಿಯಾಗಿ ವೀರ್ಯಾಣು ಒಳಹೋಗುತ್ತಿರಲಿಲ್ಲ. 1997ರಲ್ಲಿ ಇಟಲಿಯ ಬೊಲೋನಾದ ಎಲಿಯೊನೋರಾ ಪೊರ್ಕು ಸೂಜಿಯಿಂದಲೇ ಅದನ್ನು ಒಳಗಿಳಿಸಿ ಮಗು ಹುಟ್ಟಿಸಿದರು.

ನಿಜವಾದ ತಿರುವು ತಂದದ್ದು ಪಾಕ. ಕಲ್ಲುಸಕ್ಕರೆ ಮತ್ತು ಕಡಲೆಕಾಯಿ ಚಿಕ್ಕಿಯ ಪಾಕ, ಎರಡೂ ಸಿಹಿಯೇ. ನಿಧಾನವಾಗಿ ಬಿಟ್ಟರೆ ಸಕ್ಕರೆ ಹರಳುಗಟ್ಟಿ ಕಲ್ಲುಸಕ್ಕರೆಯಾಗುತ್ತದೆ. ಚಿಕ್ಕಿ ಮಾಡುವ ಅಮ್ಮ ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತಾಳೆ. ಹನಿ ಬಟ್ಟಲಿಗೆ ತಾಗಿ ‘ಟಣ್’ ಎಂದರೆ ಪಾಕ ಬಂದಂತೆ. ಅದರಲ್ಲಿ ಹರಳಿಲ್ಲ, ಅದು ಗಾಜು. ಹರಳು ಜೋಡಿಸಿಕೊಳ್ಳಲು ಸಕ್ಕರೆಗೆ ಪುರುಸೊತ್ತೇ ಸಿಗಲಿಲ್ಲ. ಅಂಡಾಣುವಿಗೂ ಇದೇ ಉಪಾಯ. ಮೊದಲು ಅದರ ನೀರನ್ನು ಹಿಂಗಿಸಿ, ಬದಲಿಗೆ ಪಾಕದಂಥ ಮಂದ ದ್ರಾವಣ ತುಂಬಿ, ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಮುಳುಗಿಸುತ್ತಾರೆ. ತಣಿಯುವ ವೇಗ ನಿಮಿಷಕ್ಕೆ 20 ಸಾವಿರ ಡಿಗ್ರಿಗೂ ಹೆಚ್ಚು. ಆ ಪಟ್ಟಿಯ ವಿಧಾನವನ್ನು ಹದಗೊಳಿಸಿದವರು ಜಪಾನಿನ ಮಸಾಶಿಗೆ ಕುವಯಾಮ. ಎಗ್ ಫ್ರೀಜಿಂಗ್ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯನ್ನು ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ 2012ರಲ್ಲಿ ಕಿತ್ತುಹಾಕಿತು. 2014ರಲ್ಲೇ ಫೇಸ್‌ಬುಕ್, ಆಪಲ್ ಕಂಪನಿಗಳು ತಮ್ಮ ಉದ್ಯೋಗಿಗಳಿಗೆ ಖರ್ಚು ಕೊಡುತ್ತೇವೆಂದವು. ಧಾರಾಳವೇ, ಆದರೆ ಹೆರಿಗೆ ಮುಂದೂಡಿದರೆ ಯಾರಿಗೆ ಲಾಭ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.

ಕ್ಯಾನ್ಸರ್ ಚಿಕಿತ್ಸೆಗೆ ಹೊರಟ ಹುಡುಗಿಗೆ ಇದು ವರವೇ. ಉಳಿದವರಿಗೆ ಇದನ್ನು ವಿಮೆ ಎಂದು ಮಾರುವುದು ಅತಿಯಾಯಿತು. ವಿಮೆಯಾದರೆ ಹಣ ಬರಲೇಬೇಕು. ಇಲ್ಲಿ ಕರಗಿಸಿದಾಗ ಕೆಲವು ಸಾಯುತ್ತವೆ, ಕೆಲವು ಫಲಿಸವು, ಭ್ರೂಣವಾದ ಎಲ್ಲವೂ ಗರ್ಭದಲ್ಲಿ ನಿಲ್ಲವು. 31ರ ಅಂಡಾಣು 31ರಲ್ಲೇ ನಿಲ್ಲುತ್ತದೆ, ಹೊರುವ ಮೈಗೆ ವಯಸ್ಸಾಗುತ್ತಲೇ ಇರುತ್ತದೆ.

ಆಸ್ಪತ್ರೆಗೆ ಹೋದರೆ ಪ್ಯಾಕೇಜಿನ ಬೆಲೆಗಿಂತ ಮೊದಲು ಇದೊಂದನ್ನು ಕೇಳಿ: ಕರಗಿಸಿದ ಅಂಡಾಣುಗಳಿಂದ ನಿಮ್ಮಲ್ಲೇ ಇದುವರೆಗೆ ಎಷ್ಟು ಮಕ್ಕಳು ಹುಟ್ಟಿದ್ದಾರೆ?